ಹೋದರೆ ಹೋಯಿತು ಎನ್ನುವ ವಿಮಾನ

ತಮ್ಮಾ ತೌಹೀದ,

ನಿನ್ನೆ ನನ್ನ ಮಗಳು ಅಲ್ಫಿಯಾಳಿಗೆ ರಿಮೋಟ್ ವಿಮಾನ ಕೊಡಿಸಿದೆ. ಬೇಡವೆಂದರೂ ಕೇಳಲಿಲ್ಲ. ಅವಳು ನಿನ್ನ ವಿಮಾನದಂಥ ದುಬಾರಿಯದಕ್ಕೆ ಕೈಹಾಕಿದಾಗ ಗದಗಿನ ಅಂಗಡಿಯವನೇ ತಡೆದ.

"ಮೊದಲನೇದು ಥರ್ಮಾಕೋಲಿಂದು, ಸಸ್ತಾದ್ದ ತಗೋರಿ ಅಕ್ಕಾರ. ಕೆರ್‍ಯಾಗ ಬಿದ್ರೂ ಹೋದ್ರ ಹೋತು ಅನ್ನಂಗಿರಬೇಕು."

ವಿಮಾನದ ಹಿಂದೆ ನೀನು ನಮ್ಮ ಡಂಬಳದ ಕೆರೆಗಿಳಿದದ್ದು, ತಿರುಗಿ ಬಾರದ್ದು ಅವನಿಗೇನು ಗೊತ್ತು?

"ಅಮ್ಮೀ, ಹೋದ್ರ ಹೋತು. ನಾ ಹಿಂದ ಓಡಂಗಿಲ್ಲ," ಎಂದು ಅಲ್ಫಿಯಾ ಆಣೆ ಮಾಡಿದಳು. ಆ ಅಗ್ಗದ್ದನ್ನೇ ಆರಿಸಿದೆ. ರಾತ್ರಿ ನೆಮ್ಮದಿಯಾಗಿ ನಿದ್ದೆಯೂ ಬಂತು.

ಈಗಷ್ಟೇ ಬ್ಯಾಟರಿ ಚಾರ್ಜಾಯಿತೆಂದು ಬಯಲಿಗೆ ಓಡಿದಳು. ಕಪ್ಪತಗುಡ್ಡದ ಗಾಳಿ ಇವತ್ತು ಕೆರೆಯ ಕಡೆಗೇ ಬೀಸುತ್ತಿದೆ. ಅವಳು ಬಾಗಿಲು ದಾಟುವಾಗ ನೋಡಿದೆ: ರೆಕ್ಕೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ನಿನ್ನ ಹೆಸರು ಬರೆದಿದ್ದಾಳೆ.

ಇನ್ನು ಅದು ನೀರಿಗೆ ಬಿದ್ದರೆ, ಹೋದರೆ ಹೋಯಿತು ಎಂದಾಳೇನೋ ತಮ್ಮಾ?