ಬಾಗಿಲಲ್ಲಿ ಕೂಗಿದವನು

ಹನೂರಿನ ಚಾಮುಂಡವ್ವನಿಗೆ, ನಿಮ್ಮ ಶಿವಮಲ್ಲುವಿನ ಜೊತೆ ಸೇನೆಯಲ್ಲಿದ್ದ ಧನಗೆರೆಯ ಶಾಂತಮೂರ್ತಿ ಮಾಡುವ ನಮಸ್ಕಾರ.

ಮೊನ್ನೆ ಫೋನಿನಲ್ಲಿ ನೀವು, "ನನ್ ಮಗ ಅಂಥಾದ್ ಏನ್ ತಪ್ ಮಾಡ್ಬುಟ್ನಪ್ಪಾ?" ಎಂದು ಕೇಳಿದಾಗ ನಾನು ಫೋನ್ ಇಟ್ಟುಬಿಟ್ಟೆ. ಉತ್ತರ ಈಗ ಬರೆಯುತ್ತಿದ್ದೇನೆ.

ಅಂದು ಬೆಳಿಗ್ಗೆ ಇಬ್ಬರು ಉಗ್ರರು ಇಲ್ಲಿಯ ಪಟ್ಟಣದ ಒಂದು ಓಣಿಯಲ್ಲಿ ಅಡಗಿದ್ದರು. ಓಣಿ ಕಿರಿದಾದ್ದರಿಂದ ನಮ್ಮ ಗಾಡಿ ಒಳಗೆ ಹೋಗಲಿಲ್ಲ. ಮನೆಗಳಲ್ಲಿ ಜನರಿದ್ದರು, ದೊಡ್ಡ ಆಯುಧ ಬಳಸುವಂತಿರಲಿಲ್ಲ. ಸದ್ದು ಮಾಡದೆ ಒಂದೊಂದೇ ಮನೆ ಹೊಕ್ಕು ಹುಡುಕಬೇಕಿತ್ತು. ನಾಲ್ಕನೆಯ ಮನೆಯ ಕಿಟಕಿಯಲ್ಲಿ ಒಬ್ಬ ಮುದುಕಿ ಕಂಡಳು. ಶಿವಮಲ್ಲು ಬಾಗಿಲಲ್ಲಿ ನಿಂತು, "ಅವ್ವಾ, ಒಳಕ್ ಬರ್ಲಾ?" ಎಂದು ನಮ್ಮ ಮಾತಿನಲ್ಲೇ ಕೂಗಿದ. ನಮ್ಮ ಕಡೆ ಕೂಗದೆ ಯಾರ ಮನೆಯ ಹೊಸಿಲನ್ನೂ ದಾಟುವುದಿಲ್ಲವಲ್ಲ, ಆ ಅಭ್ಯಾಸ. ದನಿ ಕೇಳಿ ಉಗ್ರರು ಮಹಡಿಯಿಂದ ಗುಂಡು ಹಾರಿಸಿದರು. ಅವನು ಹೊಸಿಲಲ್ಲೇ ಬಿದ್ದು ಪ್ರಾಣ ಬಿಟ್ಟ. ನಾನು ಅವನ ಹಿಂದೆಯೇ ಇದ್ದೆ. ಮುದುಕಿಯನ್ನು ಆಮೇಲೆ ಹೊರಗೆ ಕರೆತಂದೆವು. ಬದುಕಿದ್ದಾಳೆ.

ತರಬೇತಿಯ ಪ್ರಕಾರ ಕೂಗಿದ್ದು ತಪ್ಪು. ಅದು ಬಿಟ್ಟು ಅವನು ಬೇರೆ ತಪ್ಪು ಮಾಡಲಿಲ್ಲ.

ಅವನ ಟ್ರಂಕ್ ನಿಮಗೆ ತಲುಪಿರಬೇಕು. ಬೀಗದ ಕೈ ನನ್ನ ಬಳಿ ಇದೆ. ಮುಂದಿನ ತಿಂಗಳು ರಜೆಗೆ ಬಂದಾಗ ಕೊಳ್ಳೇಗಾಲದಿಂದ ಬೆಳಗಿನ ಬಸ್ಸು ಹಿಡಿದು ಬಂದು ಕೊಡುತ್ತೇನೆ. ಆ ದಿನ ದಯವಿಟ್ಟು ನೀವು ಹೊರಗೆ ಜಗುಲಿಯ ಮೇಲೇ ಕುಳಿತಿರಿ. ನಿಮ್ಮ ಬಾಗಿಲಲ್ಲಿ ನಿಂತು "ಅವ್ವಾ" ಎಂದು ಕೂಗಲು ನನ್ನಿಂದ ಆಗುವುದಿಲ್ಲ.

ಇಂತಿ,
ಶಾಂತಮೂರ್ತಿ