ಕಾರ್ಡಿಲ್ಲದ ಅಳಿಯ

ಸೀವುಡ್ಸ್, ನವಿ ಮುಂಬಯಿ
೧೧ ಫೆಬ್ರವರಿ ೨೦೧೯

ಪ್ರೀತಿಯ ತಂಗಿ ಸ್ವರ್ಣಲತಾ,

ಅಣ್ಣನ ಆಶೀರ್ವಾದ. ನಾವಿಲ್ಲಿ ಸೌಖ್ಯ. ನಿನ್ನ ಸೊಂಟನೋವು ಇಳಿದಿರಬಹುದು ಎಂದುಕೊಂಡಿದ್ದೇನೆ. ಇಷ್ಟು ದಿನ ನಿನ್ನ ಫೋನ್ ಎತ್ತಲಿಲ್ಲವೆಂದು ಸಿಟ್ಟು ಮಾಡಬೇಡ. ಎತ್ತಿದರೆ ನೀನು ಅಳುತ್ತೀ, ನೀನು ಅತ್ತರೆ ನಾನು ಬೈಯುತ್ತೇನೆ, ಆಮೇಲೆ ಇಬ್ಬರಿಗೂ ಊಟ ಸೇರುವುದಿಲ್ಲ. ಕಾಗದವಾದರೆ ನನ್ನ ಮಾತು ಮುಗಿಯುವ ತನಕ ನೀನು ಬಾಯಿ ಹಾಕುವ ಹಾಗಿಲ್ಲ. ನಿನ್ನನ್ನು ಸುಮ್ಮನಿರಿಸುವ ಬೇರೆ ದಾರಿ ನನಗೆ ಈ ಜನ್ಮದಲ್ಲಿ ಸಿಕ್ಕಿಲ್ಲ ಮಾರಾಯ್ತಿ.

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಿನ್ನ ಮಗ ರಂಜನ್ ಮತ್ತು ಸೊಸೆ ಪೂಜಿತಾ ಬರುವ ಶುಕ್ರವಾರ ಮತ್ಸ್ಯಗಂಧದಲ್ಲಿ ಊರಿಗೆ ಹೊರಡುತ್ತಾರೆ. ಲೋವರ್ ಬರ್ತೇ ಸಿಕ್ಕಿದೆ. ಉಡುಪಿ ಸ್ಟೇಷನ್ನಿಗೆ ಕಾರು ಕಳಿಸು, ಅವನಿಗೆ ರಿಕ್ಷಾ ಹತ್ತಿ ಇಳಿಯುವುದು ಕಷ್ಟ. ನಾಲ್ಕು ದಿನ ಇದ್ದು ಹೋಗಲಿಕ್ಕೆ ಬರುವುದಲ್ಲ. ಇನ್ನು ಅಲ್ಲೇ ಇರುತ್ತಾರೆ. ಕೆಳಗಿನ ಕೋಣೆ ಗುಡಿಸಿಡು.

ಇದೆಲ್ಲ ಎಲ್ಲಿಂದ ಶುರುವಾಯಿತು ಎಂದು ನೀನು ಕೇಳಬಾರದು, ಯಾಕೆಂದರೆ ಶುರುವಾದದ್ದು ನಿನ್ನಿಂದ. ಎರಡು ವರ್ಷದ ಹಿಂದೆ, ೨೦೧೭ರ ಜನವರಿಯಲ್ಲಿ ಇಎಸ್ಐ ಕಾನೂನು ಬದಲಾದದ್ದು ನಿನಗೆ ನೆನಪಿರಬೇಕು. ಅಲ್ಲಿಯವರೆಗೆ ಹದಿನೈದು ಸಾವಿರದ ಒಳಗೆ ಸಂಬಳ ಇರುವವರಿಗೆ ಮಾತ್ರ ವಿಮೆ ಇತ್ತು. ನಮ್ಮ ವೇಟರುಗಳು, ಅಡುಗೆಯವರು, ಪಾತ್ರೆ ತೊಳೆಯುವವರು ಅದರಲ್ಲಿದ್ದರು. ಮಿತಿಯನ್ನು ಇಪ್ಪತ್ತೊಂದು ಸಾವಿರಕ್ಕೆ ಏರಿಸಿದ ಕೂಡಲೇ ಹೋಟೆಲಿನ ಕಾಗದಪತ್ರ ನೋಡುವ ನಮ್ಮ ಕನ್ಸಲ್ಟಂಟ್ ಓಡಿ ಬಂದ. "ಶೆಟ್ರೇ, ಇನ್ನು ನಿಮ್ಮ ಮ್ಯಾನೇಜರ್ ಹೆಸರೂ ಹಾಕ್ಬೇಕು, ಬಿಟ್ರೆ ನಾಳೆ ಕುತ್ತಿಗೆಗೆ ಬರ್ತದೆ" ಎಂದ. ಮ್ಯಾನೇಜರ್ ಎಂದರೆ ನಮ್ಮ ರಂಜನ್. ನಾನು ನಿನಗೆ ಫೋನ್ ಮಾಡಿ ಕೇಳಿದೆ. ನೀನು ಏನೆಂದೆ? "ಅಣ್ಣಾ, ನನ್ನ ಮಗನ ಕೈಗೆ ವೇಟರುಗಳ ಕಾರ್ಡ್ ಕೊಡ್ಬೇಡ. ಕಾರ್ಕಳದ ಹೆಣ್ಣಿನ ಕಡೆಯವರ ಹತ್ರ ಹುಡುಗ ಹೋಟೆಲಿನ ಪಾರ್ಟ್ನರ್ ಅಂತ ಹೇಳಿ ಆಗಿದೆ."

ನಾನು ಯಾಕೆ ಬೇಡ ಎನ್ನಲಿ? ನನಗೂ ಅದರಲ್ಲಿ ಉಳಿತಾಯವೇ, ಸುಳ್ಳು ಹೇಳುವುದಿಲ್ಲ. ಆದರೆ ಹೋಟೆಲಿನವರ ಮಾನವೂ ಒಂದಿದೆಯಲ್ಲ. ಸೋದರಮಾವನ ಗಲ್ಲೆಯಲ್ಲಿ ಕೂರುವ ಹುಡುಗ ಎಲ್ಲಾದರೂ ಕೂಲಿಯವರ ಸಾಲಿನಲ್ಲಿ ನಿಂತು ಹೆಬ್ಬೆಟ್ಟು ಕೊಡುತ್ತಾನೆಯೇ? ಇಲ್ಲಿಂದ ಡೊಂಬಿವಲಿಯವರೆಗೆ ನಮ್ಮವರ ಯಾವ ಹೋಟೆಲಿಗೆ ಬೇಕಾದರೂ ಹೋಗಿ ಕೇಳು, ಅಳಿಯಂದಿರ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಆ ಮೇ ತಿಂಗಳಲ್ಲಿ ಮದುವೆಯಾಯಿತು. ಹೋಳಿಗೆ ಊಟ ಚೆನ್ನಾಗಿತ್ತು. ನೀನು ಹಸಿರು ಸೀರೆಯುಟ್ಟು ಓಡಾಡಿದ್ದು ಈಗಲೂ ಕಣ್ಣಮುಂದಿದೆ.

ಹೋದ ಜುಲೈಯಲ್ಲಿ ಅವನು ಬಿದ್ದ. ಬೆಳಿಗ್ಗೆ ಹೋಟೆಲು ತೆರೆಯಲು ಕಾಮೋಠೆಯ ಮನೆಯಿಂದ ಹೊರಟವನು, ಮಾನಸರೋವರ ಸ್ಟೇಷನ್ನಿನ ಒದ್ದೆ ಪ್ಲಾಟ್‌ಫಾರ್ಮಿನಲ್ಲಿ ಹೊರಟ ಗಾಡಿಗೆ ಓಡಿದ. ತಡವಾದರೆ ನಾನು ಬೈಯುತ್ತೇನೆಂದು ಓಡಿದನಂತೆ. ನಾನು ಎಲ್ಲರಿಗೂ ಬೈಯುತ್ತೇನೆ, ಎಲ್ಲರೂ ಹೋಗಿ ಗಾಡಿಯ ಕೆಳಗೆ ಬೀಳುತ್ತಾರೆಯೇ? ಎಡಗಾಲು ಮೊಣಕಾಲಿನ ಕೆಳಗೆ ತೆಗೆದರು. ಮೊದಲ ಆಸ್ಪತ್ರೆ ಖರ್ಚು ನಾನೇ ಕೊಟ್ಟೆ, ಅದನ್ನು ಎಲ್ಲೂ ಹೇಳಿಕೊಂಡಿಲ್ಲ. ನನ್ನ ಜ್ಯೋತ್ಸ್ನಾ ದಿನಾ ಗಂಜಿ, ಉಪ್ಪಿನಕಾಯಿ, ತೊಂಡೆಕಾಯಿ ಪಲ್ಯ ಕಟ್ಟಿಕೊಂಡು ಹೋದಳು. ಹೆಂಡತಿಯ ಕೈಯಲ್ಲಿ ಅನ್ನ ಕಳಿಸಿದ ಮಾಲೀಕ ನಮ್ಮ ಲೈನಿನಲ್ಲಿ ಇನ್ನೊಬ್ಬನಿದ್ದರೆ ತೋರಿಸು.

ಅದೇ ಮಳೆಗಾಲದಲ್ಲಿ ನಮ್ಮ ವೇಟರ್ ಮಾನಪ್ಪ, ಯಾದಗಿರಿ ಕಡೆಯವನು, ಕೆಲಸಕ್ಕೆ ಬರುವಾಗ ಕಲ್ಯಾಣ ಸ್ಟೇಷನ್ನಿನ ಸೇತುವೆ ಮೆಟ್ಟಿಲಲ್ಲಿ ಜಾರಿ ಕೈ ಮುರಿದುಕೊಂಡ. ಅವನಿಗೆ ಕಾರ್ಡಿತ್ತು. ಕೆಲಸಕ್ಕೆ ಬರುವ ದಾರಿಯಲ್ಲಿ ಬಿದ್ದರೂ ಕೆಲಸದಲ್ಲಿ ಬಿದ್ದಂತೆಯೇ ಎಂದು ಕಾನೂನಾಗಿ ಎಷ್ಟೋ ವರ್ಷವಾಯಿತಂತೆ. ಅವನಿಗೆ ಔಷಧಿಯೂ ಸಿಕ್ಕಿತು, ಮನೆಯಲ್ಲಿ ಕೂತ ದಿನಗಳಿಗೆ ದುಡ್ಡೂ ಸಿಕ್ಕಿತು. ಕೈಗೆ ಬ್ಯಾಂಡೇಜು ಕಟ್ಟಿಕೊಂಡು ಪೆಪ್ಪರಮಿಂಟು ಚೀಪುತ್ತ ಆಸ್ಪತ್ರೆಗೆ ರಂಜನನನ್ನು ನೋಡಲು ಹೋಗಿದ್ದಾನೆ. ಅಲ್ಲಿ ಪೂಜಿತಾಳ ಕಿವಿಯೂದಿದವನು ಅವನೇ. "ಅಕ್ಕಾರ, ಅಣ್ಣಾರಿಗೂ ಬರ್ತದ್ರೀ, ಹೆಸರು ಹಾಕಿಲ್ಲಂದ್ರೂ ಬರ್ತದ್ರೀ, ಆಫೀಸ್ನವ್ರು ಕೊಟ್ಟು ಮ್ಯಾಲೆ ಶೆಟ್ರ ಕಡಿಂದ ವಸೂಲ್ ಮಾಡ್ಕೋತಾರ" ಎಂದನಂತೆ. ಆಯುಷ್ಯವಿಡೀ ನನ್ನ ಉಪ್ಪು ತಿಂದವನು!

ನಿನ್ನ ಸೊಸೆ ಹೋಟೆಲಿಗೆ ಬಂದಳು. ಊಟದ ಹೊತ್ತು, ಥಾಲಿಗೆ ಜನ ಕಾಯುತ್ತ ನಿಂತಿದ್ದರು. ಗಲ್ಲೆಯ ಎದುರು ನಿಂತು, "ಮಾವ, ನನಗೆ ನಿಮ್ಮ ಕೈಯಿಂದ ಏನೂ ಬೇಡ. ಇವ್ರು ನಿಮ್ಮಲ್ಲಿ ಕೆಲ್ಸ ಮಾಡ್ತಿದ್ರು ಅಂತ ಒಂದು ಮಾತು ಹೇಳಿ, ಪೆನ್ಷನ್ ಆಗ್ತದೆ" ಎಂದಳು.

"ಕೆಲ್ಸದವ ಅಂತ ಹೇಗೆ ಹೇಳುದು ಮಾರಾಯ್ತಿ? ಅವ ಮನೆಯವ ಅಲ್ವಾ?" ಎಂದೆ.

"ಹಾಗಾದ್ರೆ ಮನೆಯವರ ಹಾಗೆ ನೋಡ್ಕೊಳ್ಳಿ. ಪಾರ್ಟ್ನರ್ ಅಂತ ಹೇಳಿ ನನ್ನನ್ನು ತಂದದ್ದಲ್ವಾ? ಪಾಲು ಕೊಡಿ."

ಗಿರಾಕಿಗಳ ಎದುರು! ನಾನು ಅವಳನ್ನು ಹೊರಗೆ ಕಳಿಸಿದೆ. ಅವಳು ನೇರ ಠಾಣೆ ಪಟ್ಟಣದ ಇಎಸ್ಐ ಕಚೇರಿಗೆ ಹೋಗಿ ದೂರು ಬರೆದುಕೊಟ್ಟಳು.

ವಿಚಾರಣೆ ಹೋದ ತಿಂಗಳು ಆಯಿತು. ರಂಜನ್ ಕೆಲಸದವನೆಂದು ರುಜುವಾದರೆ ಅವನಿಗೆ ಬದುಕಿರುವ ತನಕ ಪೆನ್ಷನ್. ಮಾಲೀಕ ಹೆಸರು ಮುಚ್ಚಿಟ್ಟನೆಂದು ಅದು ನನ್ನ ತಲೆಗೆ, ಜೊತೆಗೆ ಉಳಿದವರ ಲೆಕ್ಕವನ್ನೂ ಕೆದಕುತ್ತಾರೆ. ಕನ್ಸಲ್ಟಂಟ್ ಕೈಚೆಲ್ಲಿದ್ದ. ಮಾನಪ್ಪನನ್ನು ರಜೆ ಕೊಟ್ಟು ಊರಿಗೆ ಓಡಿಸಿದೆ. ವಿಚಾರಣೆಯ ಹಿಂದಿನ ದಿನ ನಾನೊಬ್ಬನೇ ಕಾಮೋಠೆಗೆ ಹೋದೆ. ಪೂಜಿತಾ ತರಕಾರಿಗೆ ಹೋಗಿದ್ದಳು. ಹುಡುಗನ ಹತ್ತಿರ ಕೂತು ಸಮಾಧಾನದಲ್ಲಿ ಹೇಳಿದೆ: "ನೋಡು ರಂಜು, ನೀನು ಸಂಬಳದವ ಅಂದ್ರೆ ನಿನ್ನ ಅಮ್ಮ ಮದುವೆಯಲ್ಲಿ ಸುಳ್ಳು ಹೇಳಿದ್ಲು ಅಂತ ಸರ್ಕಾರಿ ಕಾಗದದಲ್ಲಿ ಬರ್ತದೆ. ನಿನ್ನ ಹೆಂಡತಿ ಮನೆಯವರು ಕಾರ್ಕಳ ಪೇಟೆಯಿಡೀ ಹೇಳಿಕೊಂಡು ತಿರುಗ್ತಾರೆ. ಆ ಮೇಲೆ ಅವ್ಳು ಯಾವ ಮದುವೆಗೆ, ಯಾವ ಸಾವಿನ ಬೊಜ್ಜಕ್ಕೆ ಹೋಗಿ ತಲೆಯೆತ್ತಿ ಕೂರ್ತಾಳೆ? ಆಲೋಚನೆ ಮಾಡು."

ತಾನು ಪಾರ್ಟ್ನರ್ ಅಲ್ಲವೆಂದು ಪೂಜಿತಾಳಿಗೆ ಮದುವೆಯಾದ ತಿಂಗಳಲ್ಲೇ ಗೊತ್ತಾಗಿತ್ತು, ತವರಿಗೆ ಮಾತ್ರ ಇವತ್ತಿಗೂ ಹೇಳಿಲ್ಲ ಎಂದ. "ಒಳ್ಳೆ ಹುಡುಗಿ. ಅವಳು ಮುಚ್ಚಿಟ್ಟದ್ದನ್ನು ನೀನು ಬಿಚ್ಚಬೇಡ" ಎಂದು ಎದ್ದೆ.

ಮರುದಿನ ಇಎಸ್ಐ ಕಚೇರಿಯಲ್ಲಿ ಸಾಹೇಬರು ಒಳ್ಳೆಯವರು, ರಂಜನನಿಗೆ ಕುರ್ಚಿ ಹಾಕಿಸಿ, ಮಾತಾಡು ಎಂದು ಧೈರ್ಯ ಕೊಟ್ಟು ಕೇಳಿದರು. "ಹೋಟೆಲಿನಲ್ಲಿ ನೌಕರಿ ಮಾಡುತ್ತಿದ್ದಿರಾ?" ಇಲ್ಲ ಎಂದ. ಪಾರ್ಟ್ನರೇ ಎಂದರು. ಮಾಡುವ ಮಾತಿತ್ತು, ಕಾಗದ ಆಗಿರಲಿಲ್ಲ ಎಂದ. ಹಾಗಾದರೆ ದಿನಾ ಬೆಳಿಗ್ಗೆ ಅಲ್ಲಿ ಏನು ಮಾಡುತ್ತಿದ್ದಿರಿ ಎಂದರು. "ಮೈ ಉನ್ಕಾ ಭಾಂಜಾ ಹೂಂ. ಮದತ್ ಕರ್ತಾ ಥಾ." ಇವರ ಸೋದರಳಿಯ, ಸಹಾಯ ಮಾಡುತ್ತಿದ್ದೆ ಎಂದ. ಆಗ ನಮ್ಮ ಕನ್ಸಲ್ಟಂಟಿಗೆ ಎಲ್ಲಿಂದ ಬುದ್ಧಿ ಬಂತೋ, ಎದ್ದು ನಿಂತು, "ಸಾಹೇಬರೇ, ಈ ಹೋಟೆಲಿನ ನೌಕರರೆಲ್ಲ ಮಾಲೀಕರನ್ನು ಶೆಟ್ರೇ ಅಂತಾರೆ. ಇವರು ಏನಂತ ಕರೀತಾರೆ ಕೇಳಿ" ಎಂದ. ಕೇಳಿದರು. ರಂಜನ್ ನನ್ನ ಕಡೆ ನೋಡಿ "ಮಾವ" ಎಂದ. ಸಾಹೇಬರು ಅದನ್ನೂ ಬರೆದುಕೊಂಡರು. ಅಲ್ಲಿಗೆ ದೂರು ಮುಗಿಯಿತು. ಪೂಜಿತಾ ಒಂದು ಹನಿ ಕಣ್ಣೀರು ಹಾಕಲಿಲ್ಲ, ಗಂಡನ ಊರುಗೋಲು ಎತ್ತಿಕೊಟ್ಟು ಮೆಟ್ಟಿಲಿಳಿಸಿದಳು. ಎಂಥ ಕಲ್ಲುಮನಸ್ಸಿನ ಹೆಣ್ಣು!

ನಿನ್ನ ಮಗ ನಿನ್ನ ಮರ್ಯಾದೆ ಉಳಿಸಿದ, ಸ್ವರ್ಣಾ. ಇದು ನಿನಗೆ ಗೊತ್ತಿರಲಿ ಎಂದೇ ಇಷ್ಟುದ್ದ ಬರೆದೆ. ಅವನು ಕಾಲು ಎಳೆದುಕೊಂಡು ನಿನ್ನ ಅಂಗಳದಲ್ಲಿ ನಡೆಯುವಾಗಲೆಲ್ಲ ಅದನ್ನು ನೆನೆಸಿಕೋ.

ಈಗ ಮನೆಯ ವಿಷಯ. ಕಾಮೋಠೆಯ ಆ ರೂಮು ಹೋಟೆಲಿನ ಕೆಲಸದವರಿಗೆಂದು ನಾನು ಇಟ್ಟದ್ದು. ಕೆಲಸದವನಲ್ಲ ಎಂದು ಅವನೇ ಹೇಳಿದ ಮೇಲೆ ಅಲ್ಲಿ ಹೇಗೆ ಇರಿಸಿಕೊಳ್ಳಲಿ? ನಾಳೆ ಯಾರಾದರೂ ಬಂದು ನೋಡಿದರೆ ಇದು ಸ್ಟಾಫ್ ರೂಮಲ್ಲವೇ ಎಂದು ಕೇಳುತ್ತಾರೆ, ಕೇಸು ಮತ್ತೆ ಎದ್ದು ಕೂರುತ್ತದೆ. ಮನೆಯವನಾದರೆ ನಮ್ಮ ಮನೆಯಲ್ಲೇ ಇರಲಿ ಎನ್ನುತ್ತಾಳೆ ಜ್ಯೋತ್ಸ್ನಾ. ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಎಲ್ಲಿ ಇರಿಸುವುದು? ಆ ದಿನದಿಂದ ಅವಳು ನನಗೆ ಬಡಿಸುತ್ತಾಳೆ, ಮಾತಾಡುವುದಿಲ್ಲ. ನಮ್ಮ ಸಮಿತನಂತೂ ನೇರವಾಗಿ, "ಪಪ್ಪಾ, ದಾದಾ ಕೋ ನಿಕಾಲ್ ರಹೇ ಹೋ ಕ್ಯಾ?" ಎಂದು, ರಂಜಣ್ಣನನ್ನು ಓಡಿಸುತ್ತೀರಾ ಎಂದು ಕೇಳಿದ. ಓಡಿಸುವುದಲ್ಲ, ಊರಿಗೆ ಕಳಿಸುವುದು ಎಂದೆ. ಅವನಿಗೆ ಕನ್ನಡದಲ್ಲಿ ಹೇಳಿದರೆ ಅರ್ಥವಾಗುತ್ತದೆ, ಒಪ್ಪುವುದು ಮಾತ್ರ ಯಾವ ಭಾಷೆಯಲ್ಲೂ ಇಲ್ಲ.

ಹೊಸ ಮ್ಯಾನೇಜರ್ ಸೋಮವಾರ ಬರುತ್ತಾನೆ, ಬದಲಾಪುರದವನು, ಬಂಧುವಲ್ಲ ಬಳಗವಲ್ಲ. ಅವನ ಹೆಸರನ್ನು ಮೊದಲ ದಿನವೇ ಇಎಸ್ಐಗೆ ಹಾಕಿಸುತ್ತೇನೆ. ಇಷ್ಟೆಲ್ಲ ಆದ ಮೇಲೂ ಬುದ್ಧಿ ಕಲಿಯದಿದ್ದರೆ ನಾನೆಂಥ ಹೋಟೆಲಿನವನು?

ನೀನು ಅಳಬೇಡ. ದೈವಗಳು ನಿನ್ನನ್ನೂ ಮಕ್ಕಳನ್ನೂ ಚೆನ್ನಾಗಿಡಲಿ. ರಂಜನನ ಹತ್ತಿರ ಒಂದು ಪೆಟ್ಟಿಗೆ ಹಲ್ವ ಕಳಿಸುತ್ತಿದ್ದೇನೆ, ಹಂಚಿಕೊಂಡು ತಿನ್ನಿ.

ನಿನ್ನ ಒಳ್ಳೆಯದನ್ನೇ ಬಯಸುವ ಅಣ್ಣ,
ಭುಜಂಗ

ಮತ್ತೆ: ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಇದನ್ನು ಜ್ಯೋತ್ಸ್ನಾಳಿಗೂ ಹೇಳಿಲ್ಲ. ನಿನ್ನೆ ಟಿಕೆಟು ಕೊಡಲು ಕಾಮೋಠೆಗೆ ಹೋಗಿದ್ದೆ. ಬಾಗಿಲು ತೆರೆದವನು ರಂಜನ್. ಗೋಡೆ ಹಿಡಿದುಕೊಂಡು ಪಕ್ಕಕ್ಕೆ ಸರಿದು, "ಬನ್ನಿ ಶೆಟ್ರೇ, ಕೂತ್ಕೊಳ್ಳಿ" ಎಂದ. ಸಿಟ್ಟಿನಲ್ಲಿ ಹೇಳಿದ್ದಲ್ಲ. ಮಾನಪ್ಪ ಹೇಗೆ ಹೇಳುತ್ತಾನೋ ಹಾಗೆಯೇ, ತಲೆ ತಗ್ಗಿಸಿ, ಮರ್ಯಾದೆಯಿಂದ ಹೇಳಿದ. ಮಾತು ಬರುವ ಮೊದಲೇ ನನ್ನ ಹೆಗಲ ಮೇಲೆ ಕೂತು "ಮಾವ, ಮಾವ" ಎಂದು ಕಿವಿ ಜಗ್ಗಿದ ಹುಡುಗ ಸ್ವರ್ಣಾ ಅವನು. ನಮ್ಮ ಅಜ್ಜಿಯ ಕಾಲವಾಗಿದ್ದರೆ ಅಳಿಯಸಂತಾನದ ಕಟ್ಟಿನಲ್ಲಿ ಮಾವನ ಈ ಹೋಟೆಲು ಅವನಿಗೇ ಹೋಗುತ್ತಿತ್ತು. ಅವನು ಹಾಗೆಂದಾಗ ನಾನು ಮೊದಲು ಮಾಡಿದ್ದು ಏನು ಗೊತ್ತೇ? ಹಿಂತಿರುಗಿ, ಅಕ್ಕಪಕ್ಕದವರು ಯಾರಾದರೂ ಕೇಳಿಸಿಕೊಂಡರೇ ಎಂದು ನೋಡಿದೆ. ಅವನು ನನ್ನನ್ನು ಏನೆಂದು ಕರೆದ ಎಂದು ತಲೆಗೆ ಹೋದದ್ದು ಆಮೇಲೆ, ಲಿಫ್ಟಿನಲ್ಲಿ ಇಳಿಯುವಾಗ. ನೀನು ಹೇಳಿದರೆ ಅವನು ಕೇಳುತ್ತಾನೆ. ಒಮ್ಮೆ ಫೋನಿನಲ್ಲಾದರೂ ನನ್ನನ್ನು ಮಾವ ಎಂದು ಕರೆಯಲು ಹೇಳು. ಸಾಕ್ಷಿ ಯಾರೂ ಇಲ್ಲದಿರುವಾಗ.