ಕೊನೆಗೆ ಬ್ಯಾಟು ಹಿಡಿದು ಬಂದವನು

ಅಯೋವಾ, ಜುಲೈ ೧೯೬೧

ಅಕ್ಕಾ, ಆಶೀರ್ವಾದ ಮಾಡು. ಇಲ್ಲಿಗೆ ಬಂದ ಮೇಲೆ ನಮ್ಮ ಸ್ಪ್ಯಾನಿಷ್ ಭಾಷೆ ಆಡುವವರು ಒಬ್ಬರೂ ಸಿಕ್ಕಿರಲಿಲ್ಲ. ನಿನ್ನೆ ಬೇಸ್‌ಬಾಲ್ ಪಂದ್ಯವನ್ನು ಒಂದು-ಸೊನ್ನೆಯಲ್ಲಿ ಗೆದ್ದೆವು. ಮೊದಲಿಂದ ಕೊನೆಯವರೆಗೂ ನಾನೇ ಚೆಂಡೆಸೆದೆ. ಎದುರು ತಂಡದಿಂದ ಕೊನೆಗೆ ಬ್ಯಾಟು ಹಿಡಿದು ಬಂದವನು ನಮ್ಮ ಬೀದಿಯ ಬೇಕರಿಯವರ ರಾಮಿರೋ! “ಲೋ ಒಣಕಲ, ಊರವನಿಗೆ ಒಂದು ಸುಲಭದ್ದು ಎಸೆಯೋ” ಅಂದ. ಅದೂ ನಮ್ಮ ಭಾಷೆಯಲ್ಲಿ! ಆದರೂ ಮೂರೇ ಎಸೆತದಲ್ಲಿ ಅವನನ್ನು ಔಟ್ ಮಾಡಿದೆ. ಆಮೇಲೆ ಅವರ ಬಸ್ಸಿನ ಹತ್ತಿರ ಓಡಿದೆ.

“ಮೊನ್ನೆ ತಾನೇ ಊರಿಂದ ಬಂದೆ. ನಿಮ್ಮಕ್ಕನಿಗೆ ಹೆಣ್ಣುಮಗು ಆಯ್ತು, ಗೊತ್ತಿಲ್ವೇನೋ?” ಅಂದ.

ಭುಜ ನೋಯುತ್ತಿಲ್ಲ, ಅಮ್ಮನಿಗೆ ಹೇಳು. ಮಗು ಯಾರ ಹಾಗಿದೆ ಅಂತ ಕೇಳುವಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತು. ನೀನೇ ಬರಿ.

ನಿನ್ನ ತಮ್ಮ,
ಎಲಿಹಿಯೋ